ಪೆಗಾಸಸ್ ಭೂತ ಮತ್ತು *#21#: ಫೋನ್ ತಪಾಸಣೆಯಲ್ಲಿ ನನ್ನ ಅನುಭವ

*#21# ಒತ್ತಿದರೆ ಸರ್ಕಾರ ನಿಮ್ಮ ಫೋನ್ ಕದ್ದು ಕೇಳುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ ಎಂಬ ವಾಟ್ಸಾಪ್ ಫಾರ್ವರ್ಡ್ ಇನ್ನೂ ಸತ್ತಿಲ್ಲ. ಅದು ಕಾಲ್ ಫಾರ್ವರ್ಡಿಂಗ್ ಆನ್ ಇದೆಯೇ ಎಂದು ಕೇಳುವ ಕೋಡ್, ಅಷ್ಟೇ. *#62# ಒತ್ತಿದಾಗ ಕಾಣುವ ಗುರುತಿಲ್ಲದ ನಂಬರ್ ನೋಡಿ ‘ಇದು ದಿಲ್ಲಿಯವರದ್ದೇ’ ಎಂದು ಬೆವರುತ್ತಾ ಬರುವವರಿದ್ದಾರೆ. ಸಾಮಾನ್ಯವಾಗಿ ಅದು ಸಿಮ್ ಕಂಪನಿಯದ್ದೇ ವಾಯ್ಸ್‌ಮೇಲ್ ಅಥವಾ ಮಿಸ್ಡ್ ಕಾಲ್ ಅಲರ್ಟ್ ನಂಬರ್. ಹೆದರಲೇಬೇಕೆಂದರೆ, ನಿಮ್ಮ ಕರೆಗಳನ್ನು ತಮ್ಮತ್ತ ತಿರುಗಿಸಿಕೊಳ್ಳಲು *401# ಜೊತೆ ಇನ್ಯಾರದ್ದೋ ನಂಬರ್ ಒತ್ತಿಸುವ ಮೋಸಕ್ಕೆ ಹೆದರಬೇಕು. 2024ರ ಏಪ್ರಿಲ್ 15ರಿಂದ ಯುಎಸ್‌ಎಸ್‌ಡಿ (ಇಂಥ * # ಕೋಡುಗಳು) ಮೂಲಕದ ಕಾಲ್ ಫಾರ್ವರ್ಡಿಂಗ್ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿದ್ದು ಇಂಥ ಮೋಸಗಳಿಂದಲೇ.

ಫೋನಿನಲ್ಲಿ ಬೇಹು ತಂತ್ರಾಂಶ ಇದೆಯೇ ಎಂದು ನೋಡಿಕೊಡುವ ಈ ತಪಾಸಣೆ ಶುರು ಮಾಡಿದಾಗ ಇದೇ ಕಸುಬಿನವರು ನಕ್ಕಿದ್ದರು. ಪೆಗಾಸಸ್ (ಇಸ್ರೇಲಿನ ಎನ್‌ಎಸ್‌ಒ ಕಂಪನಿ ಸರ್ಕಾರಗಳಿಗೆ ಮಾರುವ ಬೇಹು ತಂತ್ರಾಂಶ) ಹುಡುಕಲು ಸುಪ್ರೀಂ ಕೋರ್ಟ್ ನೇಮಿಸಿದ, ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯ ಸಮಿತಿಯೇ 29 ಫೋನ್ ನೋಡಿ, 5ರಲ್ಲಿ ಏನೋ ಮಾಲ್‌ವೇರ್ ಇದೆ, ಅದು ಪೆಗಾಸಸ್ಸೇ ಎನ್ನಲು ಆಧಾರವಿಲ್ಲ ಅಂದಿತು. ಇನ್ನು ನಿನ್ನದೇನು ಅಂತ ಅವರ ವಾದ. ಮಾತು ಸರಿಯೇ. ಆದರೆ ಗಿರಾಕಿಗೆ ಬೇಕಾದ್ದು ಪೆಗಾಸಸ್ ಅಲ್ಲ, ತನ್ನ ಖಾಸಗಿ ಮಾತು ಹೊರಗೆ ಹೋಗಿದ್ದು ಹೇಗೆ ಎಂಬ ಉತ್ತರ. ಇಷ್ಟು ತಲೆಗೆ ಹೋಗಲು ನನಗೆ ಒಂದು ವರ್ಷವೂ ಸುಮಾರು 40 ಸಾವಿರ ರೂಪಾಯಿಯೂ ಹಿಡಿಯಿತು.

ಮೊದಲ ತಪ್ಪು, ಬಂದ ಫೋನಿಗೆಲ್ಲ ನೇರವಾಗಿ ಎಂವಿಟಿ ಹಾಕಿದ್ದು. ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿಯ ಸೆಕ್ಯುರಿಟಿ ಲ್ಯಾಬ್ 2021ರ ಜುಲೈನಲ್ಲಿ ಪುಕ್ಕಟೆಯಾಗಿ ಬಿಟ್ಟ ಈ ಟೂಲ್ (ಮೊಬೈಲ್ ವೆರಿಫಿಕೇಶನ್ ಟೂಲ್‌ಕಿಟ್) ಫೋನಿನ ಡೇಟಾವನ್ನು ಬೇಹು ತಂತ್ರಾಂಶಗಳ ಗೊತ್ತಿರುವ ಗುರುತುಗಳ ಪಟ್ಟಿಗೆ ಹೋಲಿಸುತ್ತದೆ. ಅದಕ್ಕೆ ಐಫೋನಿನ ಎನ್‌ಕ್ರಿಪ್ಟೆಡ್ (ಪಾಸ್‌ವರ್ಡಿನ ಬೀಗ ಹಾಕಿದ) ಬ್ಯಾಕಪ್ಪೇ ಬೇಕು. ಸಾದಾ ಬ್ಯಾಕಪ್‌ನಲ್ಲಿ ಸಫಾರಿ ಹಿಸ್ಟರಿ ಬರುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 18 ಸಾವಿರಕ್ಕೆ ತಂದ ಹಳೆ ಲ್ಯಾಪ್‌ಟಾಪಿನಲ್ಲಿ 256 ಜಿಬಿ ಡಿಸ್ಕ್ ಇತ್ತು. 110 ಜಿಬಿಯ ಬ್ಯಾಕಪ್ ಇಳಿಯಿತು, ಅದರ ಬೀಗ ಬಿಚ್ಚುವ ಡಿಕ್ರಿಪ್ಟ್ ಕೆಲಸ ಅರ್ಧದಲ್ಲಿ ನಿಂತಿತು. ಡಿಕ್ರಿಪ್ಟ್ ಮಾಡಿದ ಪ್ರತಿಗೂ ಅಷ್ಟೇ ಜಾಗ ಬೇಕೆಂಬ ಸಣ್ಣ ಲೆಕ್ಕ ಹಾಕಿರಲಿಲ್ಲ. 2 ಟಿಬಿ ಎಸ್‌ಎಸ್‌ಡಿಗೆ ಹನ್ನೊಂದು ಸಾವಿರ ಹೋಯಿತು. ಅಗ್ಗದ ಲೈಟ್ನಿಂಗ್ ಕೇಬಲ್ 80 ಜಿಬಿ ದಾಟಿದ ಮೇಲೆ ಕೈಕೊಡುತ್ತಿತ್ತು. ಅಂಥವು ನಾಲ್ಕು ಎಸೆದ ಮೇಲೆ ಒರಿಜಿನಲ್ ತಂದೆ.

ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಒಳಗೆ ಎಂವಿಟಿ ಓಡಿಸುವವರಿಗೆ ಒಂದು ಮಾತು. ಫೋನನ್ನು ಅದರೊಳಕ್ಕೆ ನೇರವಾಗಿ ತರಲು ಒದ್ದಾಡಬೇಡಿ. ಐಟ್ಯೂನ್ಸ್‌ನಲ್ಲೇ ಬ್ಯಾಕಪ್ ತೆಗೆದು, ಆ ಫೋಲ್ಡರನ್ನು ಲಿನಕ್ಸ್ ಡಿಸ್ಕಿಗೆ ಕಾಪಿ ಮಾಡಿ. ಸಿ ಡ್ರೈವಿನಲ್ಲೇ ಇಟ್ಟು ಓದಿಸಿದರೆ ಸಾವಿರಾರು ಸಣ್ಣ ಫೈಲುಗಳಿಗೆ ಇಡೀ ರಾತ್ರಿ ಬೇಕು. ಗಿರಾಕಿ ಎಂದೋ ಇಟ್ಟ ಬ್ಯಾಕಪ್ ಪಾಸ್‌ವರ್ಡ್ ಮರೆತಿದ್ದರೆ ‘ರೀಸೆಟ್ ಆಲ್ ಸೆಟ್ಟಿಂಗ್ಸ್’ ಒಂದೇ ದಾರಿ. ಫೋಟೊ, ಮೆಸೇಜು ಉಳಿಯುತ್ತವೆ. ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ. ಮೊದಲೇ ಹೇಳಿ ಒಪ್ಪಿಸಿ, ಇಲ್ಲದಿದ್ದರೆ ಜಗಳ ಗ್ಯಾರಂಟಿ.

ಇಷ್ಟೆಲ್ಲ ಮಾಡಿದ ಮೇಲೂ ಮರ್ಯಾದೆ ಹೋದದ್ದು ಸುಳ್ಳು ಅಲಾರಂನಿಂದ. ಒಂದು ಫೋನಿನಲ್ಲಿ ಪೆಗಾಸಸ್ ಡೊಮೇನ್‌ಗಳು (ದಾಳಿಗೆ ಬಳಸಿದ ವೆಬ್ ವಿಳಾಸಗಳು) ಸಾಲುಸಾಲಾಗಿ ಸಿಕ್ಕವು. ಕೈ ನಡುಗಿದ್ದು ಸುಳ್ಳಲ್ಲ. ಟೈಮ್‌ಲೈನ್ ಫೈಲ್ ತೆರೆದರೆ ಎಲ್ಲವೂ ಒಂದೇ ನಿಮಿಷದ್ದು, ಎಲ್ಲವೂ ವಾಟ್ಸಾಪ್‌ನಿಂದ ಬಂದದ್ದು. ‘ಇವು ಪೆಗಾಸಸ್ ಲಿಂಕುಗಳು, ಎಲ್ಲರಿಗೂ ತಿಳಿಸಿ’ ಎಂದು ‘ಗುಟ್ಟು ಬಯಲು’ ಮಾಡುತ್ತೇವೆನ್ನುವ ವಾಟ್ಸಾಪ್ ಗುಂಪೊಂದರಲ್ಲಿ ಯಾರೋ ಇಡೀ ಪಟ್ಟಿಯನ್ನೇ ಹಾಕಿದ್ದರು! ಎಂವಿಟಿ ಲಿಂಕ್ ಇರುವ ಮೆಸೇಜುಗಳನ್ನೂ ಪಟ್ಟಿಗೆ ಹೋಲಿಸುತ್ತದೆ. ಬಂದದ್ದು ಎಚ್ಚರಿಕೆಯೋ ದಾಳಿಯೋ ಅದಕ್ಕೆ ತಿಳಿಯದು. ಸಫಾರಿ ಒಂದು ಡೊಮೇನಿನಿಂದ ಇನ್ನೊಂದಕ್ಕೆ ಜಿಗಿದರೂ ಅದು ಅನುಮಾನಪಡುತ್ತದೆ, ಶಾಪಿಂಗ್ ಮಾಡುವವರ ಫೋನಿನಲ್ಲಿ ಅಂಥವು ನೂರಾರು. ಇವನ್ನು ಜರಡಿ ಹಿಡಿಯಲು ಮಾಡಿಕೊಂಡ ಸ್ಕ್ರಿಪ್ಟನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಅದು ನನ್ನ ಅನ್ನ. ಲಿಂಕ್ ಬಂದದ್ದು ಬೇರೆ, ಒತ್ತಿದ್ದು ಬೇರೆ, ಒತ್ತಿದ ಮೇಲೆ ಡೇಟಾ ಬಳಕೆಯ ಪಟ್ಟಿಯಲ್ಲಿ ‘ಬಿಎಚ್’ ಥರದ, ಪೆಗಾಸಸ್ ಬಳಸುವ ಪ್ರೊಸೆಸ್ ಹೆಸರು ಕಂಡದ್ದು ಬೇರೆ. ಮೂರೂ ಒಂದರ ಹಿಂದೊಂದು ಸಾಲಾಗಿ ಬಂದರೆ ಮಾತ್ರ ನಾನು ಬಾಯಿ ಬಿಡುವುದು.

ದಾರಿ ಸಿಕ್ಕಿದ್ದು ಕ್ರಮವನ್ನು ತಿರುಗಾಮುರುಗಾ ಮಾಡಿದ ಮೇಲೆ. ಈಗ ಮೊದಲ ಇಪ್ಪತ್ತು ನಿಮಿಷ ಕೇಬಲ್ಲೇ ಮುಟ್ಟುವುದಿಲ್ಲ. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್, ಗೂಗಲ್ ಅಥವಾ ಆ್ಯಪಲ್ ಖಾತೆಗೆ ಲಾಗಿನ್ ಆಗಿರುವ ಸಾಧನಗಳು, ಆಂಡ್ರಾಯ್ಡ್‌ನಲ್ಲಿ ಆಕ್ಸೆಸಿಬಿಲಿಟಿ, ನೋಟಿಫಿಕೇಶನ್ ಆಕ್ಸೆಸ್, ಡಿವೈಸ್ ಅಡ್ಮಿನ್, ಕೊನೆಗೆ ಪ್ಲೇ ಪ್ರೊಟೆಕ್ಟ್ ಯಾರಾದರೂ ಆಫ್ ಮಾಡಿದ್ದಾರೆಯೇ ಅನ್ನುವುದು. ಇದುವರೆಗೆ ನೋಡಿದ ಅರವತ್ತು ಚಿಲ್ಲರೆ ಫೋನುಗಳಲ್ಲಿ ನಿಜವಾಗಿ ಸೋರುತ್ತಿದ್ದದ್ದು ಹತ್ತೋ ಹನ್ನೊಂದೋ. ಒಂದೆರಡು ಬಿಟ್ಟು ಎಲ್ಲವೂ ಈ ಇಪ್ಪತ್ತು ನಿಮಿಷದಲ್ಲೇ ಸಿಕ್ಕವು. ಆಫೀಸಿನ ಕಂಪ್ಯೂಟರಿನಲ್ಲಿ ತೆರೆದೇ ಉಳಿದ ವಾಟ್ಸಾಪ್ ವೆಬ್, ಮದುವೆ ಕರೆಯೋಲೆ ಎಂದು ಬಂದ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಫೈಲ್), ಮನೆಯವರೇ ಹಾಕಿದ ಬೇಹು ಆ್ಯಪ್. ಆ ಕೊನೆಯದಕ್ಕೆ ಎಂವಿಟಿಯಲ್ಲಿ ಇಂಥ ಬೇಹು ಆ್ಯಪ್‌ಗಳ (ಸ್ಟಾಕರ್‌ವೇರ್) ಪಟ್ಟಿಯನ್ನೂ ಸೇರಿಸಿ ಓಡಿಸಿ, ಪೆಗಾಸಸ್ ಪಟ್ಟಿ ಒಂದೇ ಸಾಲದು. ಹೆಂಡತಿಯ ಫೋನನ್ನು ಗಂಡ ತಂದರೆ ವಾಪಸ್ ಕಳಿಸುತ್ತೇನೆ. ಫೋನಿನ ಒಡತಿಯ ಒಪ್ಪಿಗೆ ಇಲ್ಲದೆ ಓಡಿಸುವುದು ಎಂವಿಟಿಯ ಲೈಸೆನ್ಸಿಗೂ ವಿರುದ್ಧ.

ಎರಡನೇ ಹೆಜ್ಜೆ ಸಿಸ್‌ಡಯಾಗ್ನೋಸ್, ಅಂದರೆ ಐಫೋನ್ ತನ್ನ ಲಾಗುಗಳನ್ನೆಲ್ಲ ಕಟ್ಟಿಕೊಡುವ ಫೈಲ್. ಎರಡೂ ವಾಲ್ಯೂಮ್ ಬಟನ್ ಮತ್ತು ಸೈಡ್ ಬಟನ್ ಒಟ್ಟಿಗೆ ಒಂದು ಸೆಕೆಂಡ್ ಒತ್ತಿ ಬಿಡಿ, ಹೆಚ್ಚು ಹಿಡಿದರೆ ಪವರ್ ಆಫ್ ಪರದೆ ಬರುತ್ತದೆ. ಹತ್ತು ನಿಮಿಷದಲ್ಲಿ ಅನಾಲಿಟಿಕ್ಸ್ ಡೇಟಾ ಪಟ್ಟಿಯಲ್ಲಿ 200ರಿಂದ 400 ಎಂಬಿಯ ಫೈಲ್ ಕೂರುತ್ತದೆ. ಅದರೊಳಗಿನ ಶಟ್‌ಡೌನ್ ಲಾಗನ್ನು ಹೇಗೆ ಓದುವುದೆಂದು ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿಯವರು 2024ರ ಜನವರಿಯಲ್ಲಿ ತೋರಿಸಿಕೊಟ್ಟರು: ಆಫ್ ಆಗುವಾಗ ಯಾವ ಪ್ರೊಸೆಸ್ ಅಡ್ಡ ನಿಂತಿತು, ಯಾವ ಫೋಲ್ಡರಿನಿಂದ ಓಡುತ್ತಿತ್ತು ಅನ್ನುವುದು ಅದರಲ್ಲಿದೆ. ತಿಂಗಳುಗಟ್ಟಲೆ ರೀಸ್ಟಾರ್ಟ್ ಮಾಡದವರ ಲಾಗ್ ಮಾತ್ರ ಬೋಳು. ಐಓಎಸ್ 26ರಲ್ಲಿ ಪ್ರತಿ ರೀಸ್ಟಾರ್ಟಿಗೂ ಹಳೆಯದು ಅಳಿಯುವುದರಿಂದ, ಅಪ್‌ಡೇಟ್‌ಗೆ ಮೊದಲೇ ಇದನ್ನು ತೆಗೆದಿಡಿ.

ಇಷ್ಟಾದ ಮೇಲೂ ಅನುಮಾನ ಉಳಿದರೆ, ಅಥವಾ ‘ನಿಮ್ಮ ಫೋನ್ ಮೇಲೆ ದಾಳಿ ನಡೆದಿರಬಹುದು’ ಎಂಬ ಆ್ಯಪಲ್‌ನ ಎಚ್ಚರಿಕೆ ಬಂದವರಾದರೆ ಮಾತ್ರ ಪೂರ್ತಿ ಬ್ಯಾಕಪ್. 2023ರ ಅಕ್ಟೋಬರ್ ಕೊನೆಯಲ್ಲಿ ವಿರೋಧ ಪಕ್ಷದ ನಾಯಕರಿಗೆ ಬಂತಲ್ಲ, ಆ ಎಚ್ಚರಿಕೆ. ಅದು ನಿಜವಾದರೆ ಆ್ಯಪಲ್ ಖಾತೆಗೆ ಲಾಗಿನ್ ಆದಾಗ ಪುಟದ ಮೇಲ್ಗಡೆಯೇ ಇರುತ್ತದೆ. ಲಿಂಕ್ ಒತ್ತಿ ಅನ್ನುವುದಿಲ್ಲ. ಪೂರ್ತಿ ಬ್ಯಾಕಪ್‌ಗೆ 1,500 ರೂಪಾಯಿ ತೆಗೆದುಕೊಳ್ಳುತ್ತೇನೆ, ಮೊದಲ ಹೆಜ್ಜೆಗೆ 300. ಇಲ್ಲಿಯವರೆಗೆ ಪೆಗಾಸಸ್ ಒಂದೂ ಸಿಕ್ಕಿಲ್ಲ. ನಮ್ಮ ರಾಜ್ಯದ್ದೇ 2019ರ ಕಥೆ ಇದೆ: ಆಗ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ್ ಅವರ ನಂಬರ್, ಜೊತೆಗೆ ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ನಂಬರುಗಳು ಪೆಗಾಸಸ್ ಗುರಿಗಳದ್ದೆನ್ನಲಾದ ಸೋರಿದ ಪಟ್ಟಿಯಲ್ಲಿದ್ದವೆಂದು 2021ರಲ್ಲಿ ವರದಿಯಾಯಿತು. ಪಟ್ಟಿಯಲ್ಲಿ ನಂಬರ್ ಇದ್ದ ಮಾತ್ರಕ್ಕೆ ಫೋನಿನೊಳಕ್ಕೆ ನುಗ್ಗಿದ್ದಾರೆ ಎಂದಲ್ಲ. ಅಂಥ ಕಡೆ ಖರ್ಚು ಮಾಡುವ ಸರಕನ್ನು ಸೈಟ್ ವ್ಯಾಜ್ಯದವರ ಮೇಲೆ ಯಾರೂ ಬಿಡುವುದಿಲ್ಲ ಎಂದು ಗಿರಾಕಿಗೆ ಹೇಳಿದರೆ ಕೆಲವರಿಗೆ ಬೇಜಾರೇ ಆಗುತ್ತದೆ!

‘ಫೋನ್ ಸದಾ ಕೇಳಿಸಿಕೊಳ್ಳುತ್ತಿದೆ’ ಅನ್ನುವವರಿಗಾಗಿ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಹೊರಹೋಗುವ ಡೇಟಾ ಅಳೆಯಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನು ಹಾಟ್‌ಸ್ಪಾಟ್ ಮಾಡಿ, ಸಿಮ್ ತೆಗೆದ ಫೋನನ್ನು ಎರಡು ದಿನ ಟಿವಿ ಮುಂದೆ ಇಟ್ಟೆ. 16 ಕೆಬಿಪಿಎಸ್‌ಗೆ ಹಿಂಡಿ ಕಳಿಸಿದರೂ ಮಾತು ಗಂಟೆಗೆ 7.2 ಎಂಬಿ, ದಿನಕ್ಕೆ 170 ದಾಟಬೇಕು. ಮೊದಲ ದಿನ 900 ಎಂಬಿ ಮೇಲೆ ಹೋದದ್ದು ನೋಡಿ ಗಾಬರಿಯಾಯಿತು. ನೋಡಿದರೆ ಗೂಗಲ್ ಫೋಟೋಸ್ ಸಿಂಕ್. ಅದನ್ನು ಆಫ್ ಮಾಡಿದ ಮೇಲೆ ದಿನಕ್ಕೆ ಹದಿನೈದು ಇಪ್ಪತ್ತು ಎಂಬಿ. ಮಾತನ್ನು ಫೋನಿನಲ್ಲೇ ಅಕ್ಷರಕ್ಕಿಳಿಸಿ ಕಳಿಸಿದರೆ ಈ ಅಳತೆಗೆ ಸಿಗುವುದಿಲ್ಲ, ಅದು ಇದರ ಮಿತಿ.

ಆಂಡ್ರಾಯ್ಡ್ ಫೋನಿಗಾದರೆ, ತಪಾಸಣೆಗೆ ಬೇಕಾದ ಡೇಟಾ ಒಟ್ಟುಮಾಡುವ ಆಂಡ್ರಾಯ್ಡ್‌ಕ್ಯುಎಫ್ ಟೂಲ್‌ನಿಂದ ತೆಗೆದ ಫೋಲ್ಡರನ್ನು ಎಂವಿಟಿಗೆ ಕೊಡುತ್ತೇನೆ. ಅಲ್ಲಿ ಲಾಗುಗಳು ಬೇಗ ಅಳಿಯುವುದರಿಂದ ‘ಏನೂ ಸಿಗಲಿಲ್ಲ’ ಎಂದು ಬರೆದುಕೊಡುತ್ತೇನೆಯೇ ಹೊರತು ‘ಏನೂ ಇಲ್ಲ’ ಎಂದಲ್ಲ. ಡಿಕ್ರಿಪ್ಟ್ ಆದ ಪ್ರತಿಯಲ್ಲಿ ಒಬ್ಬರ ಇಡೀ ಬದುಕು ಬಿಚ್ಚಿಕೊಂಡಿರುತ್ತದೆ. ಅದಕ್ಕೇ ಪ್ರತಿ ಫೋನಿಗೂ ಬೇರೆ ವೆರಾಕ್ರಿಪ್ಟ್ ಕಂಟೇನರ್ (ಪಾಸ್‌ವರ್ಡಿನಿಂದ ಬೀಗ ಹಾಕಿದ ಡಬ್ಬಿಯಂಥ ಫೈಲ್). ಪಾಸ್‌ವರ್ಡನ್ನು ಗಿರಾಕಿಯೇ ಟೈಪ್ ಮಾಡಬೇಕು, ಕೆಲಸ ಮುಗಿದ ಮೇಲೆ ಅಳಿಸುವ ಬಟನ್ನನ್ನೂ ಅವರೇ ಒತ್ತಬೇಕು.