ಬೊತೀಹೊ ಬೆವರಬೇಕು: ಮ್ಯಾಡ್ರಿಡ್ ಬೇಸಿಗೆಯಲ್ಲಿ ನನ್ನ ಅನುಭವ

ಮ್ಯಾಡ್ರಿಡ್‌ನಲ್ಲಿ ಜುಲೈ ಬಂತೆಂದರೆ ಮಧ್ಯಾಹ್ನ 38, 40 ಡಿಗ್ರಿ ಮುಟ್ಟುವುದೂ ಉಂಟು. ನಮ್ಮದು ಏಸಿ ಇಲ್ಲದ ಬಾಡಿಗೆ ಮನೆ. ನೀರು ತಂಪಾಗಿಡುವ ಸ್ಪೇನಿನ ಮಣ್ಣಿನ ಹೂಜಿ ಬೊತೀಹೊ ತರುತ್ತೇನೆ ಅಂದಾಗ ರೂಮಿನವರು, "ಫ್ರಿಜ್ ಇರೋವಾಗ ಮಣ್ಣಿನ ಹೂಜಿ ಯಾಕೋ?" ಅಂದಿದ್ದರು. ಈಗ ಫ್ರಿಜ್ಜಿನ ಬಾಟಲಿಯನ್ನು ಯಾರೂ ಮುಟ್ಟುವುದಿಲ್ಲ.

ಮೊದಲು ತಂದದ್ದು ಪ್ರವಾಸಿಗರ ಅಂಗಡಿಯದು, ಮೆರುಗು ಹಾಕಿ ಹೂಬಳ್ಳಿ ಬಿಡಿಸಿದ್ದು. ಹತ್ತಿರ ಹತ್ತಿರ 35 ಯೂರೋ ಹೋಯಿತು. ಮಣ್ಣಿನ ರಂಧ್ರಗಳಿಂದ ಒಸರಿದ ನೀರು ಆವಿಯಾದರೇ ಒಳಗಿನದು ತಂಪಾಗುವುದು. ಮೆರುಗು ರಂಧ್ರ ಮುಚ್ಚಿದ ಮೇಲೆ ಅದು ಬೆವರುವುದೆಲ್ಲಿಂದ? ನೀರು ತಂಪಾಗುತ್ತದೆಂದು ಮಾರಿದವರು ದುಡ್ಡು ವಾಪಸ್ ಕೊಡಲಿಲ್ಲ. ಆಮೇಲೆ ಸಿಕ್ಕಿದ್ದು ಅಲಿಕಾಂತೆ ಪ್ರಾಂತ್ಯದ ಅಗೋಸ್ತ್ ಕುಂಬಾರರ ಬಿಳಿ ಬೊತೀಹೊ, 20 ಯೂರೋ ಆಸುಪಾಸು. ಅಲ್ಲಿ ಮಣ್ಣಿಗೆ ಉಪ್ಪು ಬೆರೆಸುವುದರಿಂದ ರಂಧ್ರ ಹೆಚ್ಚು. ತುಂಬಿಟ್ಟ ಸ್ವಲ್ಪ ಹೊತ್ತಿಗೆ ಹೊಟ್ಟೆಯ ಸುತ್ತ ಬಣ್ಣ ಗಾಢವಾಗಿ, ಮೈಯೆಲ್ಲ ಪಸೆಯೊಡೆದು, ಕೆಳಗಿನ ತಟ್ಟೆ ಒದ್ದೆಯಾಗುತ್ತದೆ. ಸೆವಿಯಾ ಕಡೆ ಕೊಳ್ಳುವವರು ಅಂಗಡಿಯಲ್ಲಿ 'ಬೂಕಾರೊ' ಎಂದು ಕೇಳಿ, ಬೊತೀಹೊಗೆ ಅಲ್ಲಿ ಅದೇ ಹೆಸರು.

ಹೊಸದರ ಮಣ್ಣುವಾಸನೆ ಕಳೆಯಲು ಇಲ್ಲಿನವರು ನೀರಿಗೆ ಒಂದಿಷ್ಟು ಆನೀಸ್ (ಸೋಂಪಿನಂಥ ಪರಿಮಳದ) ಮದ್ಯ ಬೆರೆಸಿ, ಒಂದೆರಡು ದಿನ ಬಿಟ್ಟು ಚೆಲ್ಲುತ್ತಾರೆ. ನಾನು ಸೋಂಪು ಕುದಿಸಿದ ನೀರು ತುಂಬಿದೆ, ವಾಸನೆ ಹೋಯಿತು. ಜೊತೆಗೆ ಇನ್ನೊಂದು ಸಾಮಾನು ಹಾಕುತ್ತೇನೆ, ಅದನ್ನು ಮಾತ್ರ ಹೇಳುವುದಿಲ್ಲ.

ನೆರಳೊಂದೇ ಸಾಲದು, ಗಾಳಿ ಬೇಕು. ಮುಚ್ಚಿದ ಅಡುಗೆಮನೆಯಲ್ಲಿ ನಾಲ್ಕೈದು ಡಿಗ್ರಿ ಇಳಿದರೆ ಹೆಚ್ಚು. ಬಾಲ್ಕನಿಯ ಪೆರ್ಸಿಯಾನಾ (ಸುರುಳಿ ಪರದೆ) ಅರ್ಧ ಇಳಿಸಿ, ಗಾಳಿ ನುಗ್ಗುವ ಸಂದಿಯಲ್ಲಿಟ್ಟಾಗ ಹೊರಗೆ 38 ಇದ್ದರೂ ಒಳಗಿನ ನೀರು 24ರ ಹತ್ತಿರ ಬಂತು. ವಲೆನ್ಸಿಯಾದ ಗೆಳೆಯನ ಮನೆಗೂ ಒಂದನ್ನು ಒಯ್ದಿದ್ದೆ. ಕಡಲ ತೇವದ ಗಾಳಿಯಲ್ಲಿ ಅದು ಸೋತಿತು, ಆ ಕಡೆಯವರು ದುಡ್ಡು ಸುರಿಯಬೇಡಿ.

ನಡುವೆ 12 ಯೂರೋದ ಪುಟ್ಟದೊಂದರಲ್ಲಿ ಮಜ್ಜಿಗೆ ತುಂಬಿ ನೋಡಿದೆ. ಮೊದಲ ದಿನ ಅಮೃತ. ವಾರದಲ್ಲಿ ಜಿಡ್ಡು ರಂಧ್ರಕ್ಕೆ ಕೂತು ಹುಳಿನಾತ, ಆಮೇಲೆ ಅದು ಬೆವರಲೇ ಇಲ್ಲ. ಈಗ ಅದರಲ್ಲಿ ಪುದೀನ ಬೆಳೆದಿದೆ.

ಪೆದ್ದನನ್ನು ಇಲ್ಲಿ "ಬೊತೀಹೊ ಯಂತ್ರಕ್ಕಿಂತ ಸರಳ" ಅನ್ನುತ್ತಾರೆ. ಮ್ಯಾಡ್ರಿಡ್ ಪಾಲಿಟೆಕ್ನಿಕ್‌ನ ಸಂಶೋಧಕರು 1990ರ ದಶಕದಲ್ಲಿ ಇದರ ತಂಪಿಗೆ ಸಮೀಕರಣ ಬರೆಯಬೇಕಾಯಿತು, ಅಷ್ಟೇನೂ ಸರಳವಲ್ಲ.

ಅಗಲ ಬಾಯಿಯಿಂದ ತುಂಬಿ, ಸಣ್ಣ ಮೂತಿಯಿಂದ ಕುಡಿಯಬೇಕು. ತುಟಿ ತಾಗಿಸದೆ ಎತ್ತಿ ಕುಡಿಯುವುದನ್ನು ನಮಗ್ಯಾರೂ ಕಲಿಸಬೇಕಿಲ್ಲ. ಗಡಸು ನೀರಿನ ಊರಾದರೆ ಆಗಾಗ ವಿನೆಗರ್ ನೀರಲ್ಲಿ ನೆನೆಸಿ, ಬರೀ ಬ್ರಶ್ಶಿನಲ್ಲಿ ಉಜ್ಜಿ. ಸೋಪು ಮುಟ್ಟಿಸಬೇಡಿ.