ಗ್ರೂಪ್ ಫೋಟೊದಿಂದ ಒಂದು ಮುಖ: ಕ್ರಾಪ್ ಮಾಡುವುದು ಹೇಗೆ?

‘ಅಜ್ಜಿ ತೀರಿಕೊಂಡ್ರು ಸರ್. ಒಂಟಿ ಫೋಟೊ ಒಂದೂ ಇಲ್ಲ. ಮದುವೆ ಗ್ರೂಪ್ ಫೋಟೊದಾಗೆ ಅದಾರೆ. ಶಿವಗಣಾರಾಧನೆಗೆ ಫ್ರೇಮ್ ಹಾಕಿಸ್ಬೇಕು, ಅದನ್ನೇ ದೊಡ್ಡದು ಮಾಡಿಕೊಡ್ರಿ.’

ದಾವಣಗೆರೆಯ ನಮ್ಮ ಸ್ಟುಡಿಯೊದಲ್ಲಿ ಈ ಮಾತು ಪದೇ ಪದೇ ಕೇಳುತ್ತೇನೆ. ಚಿತ್ರದ ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಉಳಿಸುವುದೇ ಕ್ರಾಪ್. ಹೆಚ್ಚು ಮೆಗಾಪಿಕ್ಸೆಲ್ ಕ್ಯಾಮೆರಾದ ನಿಜವಾದ ಬೆಲೆ ತಿಳಿಯುವುದು ಇಂಥ ಹೊತ್ತಿನಲ್ಲೇ.

ಮೊದಲು ಲೆಕ್ಕ. ಪಿಕ್ಸೆಲ್ ಅಂದರೆ ಚಿತ್ರದ ಒಂದು ಚುಕ್ಕಿ, ಹತ್ತು ಲಕ್ಷ ಸೇರಿದರೆ ಒಂದು ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್ ಚಿತ್ರದ ಅಗಲ ಸಾಮಾನ್ಯವಾಗಿ 6000 ಪಿಕ್ಸೆಲ್. ಐದು ಜನ ಸಾಲಾಗಿ ಕೂತು ಫ್ರೇಮ್ ತುಂಬಿದ್ದರೆ ಒಬ್ಬರ ಪಾಲಿಗೆ 1200. ಗೋಡೆಯ ಫೋಟೊವನ್ನು ತುಸು ದೂರದಿಂದ ನೋಡುವುದರಿಂದ ಇಂಚಿಗೆ 200 ಪಿಕ್ಸೆಲ್ ಸಾಕು. ಹಾಗೆಂದರೆ 6 ಇಂಚು ಅಗಲದ ಪ್ರಿಂಟ್. ನಿಕಾನ್ ಡಿ850ಯಂಥ 45 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಗಲ 8256. ಒಬ್ಬರ ಪಾಲು 1650 ದಾಟುತ್ತದೆ, 8×10ರ ಫ್ರೇಮಿಗೆ ಸರಿಹೋಗುತ್ತದೆ. ಒಂದು ಮಾತು ನೆನಪಿರಲಿ: ಮೆಗಾಪಿಕ್ಸೆಲ್ ಹೆಚ್ಚುಕಡಿಮೆ ಎರಡು ಪಟ್ಟಾದರೂ ಅಗಲ ಹೆಚ್ಚುವುದು ಸುಮಾರು 1.4 ಪಟ್ಟು ಮಾತ್ರ. ಮೂವತ್ತು ಜನರ ಗುಂಪಿನಿಂದ ಒಂದು ಮುಖ ಎತ್ತಿ ದೊಡ್ಡ ಫ್ರೇಮ್ ಮಾಡುವುದು ಈ ಕ್ಯಾಮೆರಾದಿಂದಲೂ ಆಗದು.

ಹಾಗಾಗಿ ತೆಗೆಯುವಾಗಲೇ ಎಚ್ಚರ ಬೇಕು. ಸೆಟ್ಟಿಂಗಿನಲ್ಲಿ ಚಿತ್ರದ ಗಾತ್ರ ‘ಲಾರ್ಜ್’ ಇರಲಿ, ಸಾಧ್ಯವಾದರೆ ರಾ ಫೈಲ್ (ಕ್ಯಾಮೆರಾ ಕುಗ್ಗಿಸದೆ ಉಳಿಸುವ ಮೂಲ ಚಿತ್ರ) ತೆಗೆಯಿರಿ. ಮುಂದಿನದ್ದನ್ನು ನಾನು ಕಲಿತದ್ದು ನೋವಿನಿಂದ. ಒಂದು ಮದುವೆಯಲ್ಲಿ ಬೆಳಕು ಸಾಲದೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು 2.8ಕ್ಕೆ ಅಗಲವಾಗಿ ತೆರೆದಿದ್ದೆ. ಕಿಂಡಿ ಅಗಲವಾದಷ್ಟೂ ಹಿಂದೆ ಮುಂದೆ ಇರುವವರು ಮಸುಕಾಗುತ್ತಾರೆ. ಮುಂದಿನ ಸಾಲಿನ ಮಗುವಿನ ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟ. ಹಿಂದೆ ನಿಂತ ಅಜ್ಜಿಯ ಮೂಗುತಿ ಬರೀ ಬಿಳಿ ಮಸುಕು. ತಿಂಗಳುಗಳ ನಂತರ ಅದೇ ಮುಖ ಕೇಳಿಕೊಂಡು ಮಗ ಬಂದಾಗ 45 ಮೆಗಾಪಿಕ್ಸೆಲ್ ಇದ್ದೂ ಉಪಯೋಗಕ್ಕೆ ಬರಲಿಲ್ಲ. ಎರಡು ಸಾಲು ಇದ್ದರೆ ಈಗ ಅಪರ್ಚರ್ 8ಕ್ಕೆ ಕಿರಿದು ಮಾಡಿ ಫ್ಲ್ಯಾಶ್ ಹಾಕುತ್ತೇನೆ. ಟ್ರೈಪಾಡ್ ಬಿಡುವುದಿಲ್ಲ, ಕೈಯ ಸಣ್ಣ ನಡುಕವೂ ಕ್ರಾಪ್‌ನಲ್ಲಿ ಎದ್ದು ಕಾಣುತ್ತದೆ.

ಅಂಚಿನಲ್ಲಿ ತುಸು ಜಾಗ ಬಿಡಿ. ಚಿತ್ರದುರ್ಗದ ಕೋಟೆಯಲ್ಲಿ ಮನೆಮಂದಿಯ ಫೋಟೊ ತೆಗೆಯುವಾಗ ಪಕ್ಕದಲ್ಲಿ ಬೇರೆ ಪ್ರವಾಸಿಗರು ಬಂದೇ ಬರುತ್ತಾರೆ, ಆಮೇಲೆ ಕತ್ತರಿಸಿದರಾಯಿತು.

ಕಂಪ್ಯೂಟರಿನಲ್ಲಿ ಮೊದಲು ಓರೆ ಸರಿಪಡಿಸಿ, ಏಕೆಂದರೆ ತಿರುಗಿಸಿದಾಗ ಮೂಲೆಗಳು ಹೋಗುತ್ತವೆ. ಅನುಪಾತ 4:5ಕ್ಕೆ ಕಟ್ಟಿ, ಎದೆಮಟ್ಟದವರೆಗೆ ಕ್ರಾಪ್ ಮಾಡಿ. ಸೆರಗಿನ ಅಂಚು, ತಲೆಯ ಮೇಲಿನ ಜಾಗ ಉಳಿಯಲಿ. ಪಕ್ಕದವರ ಭುಜ ಇಣುಕಿದರೆ ಗಾಬರಿಯಾಗಬೇಡಿ, ಹಿನ್ನೆಲೆ ಬದಲಿಸಬಹುದು. ಶಾರ್ಪ್ ಮಾಡುವುದು ಕಟ್ಟಕಡೆಗೆ, ಅದೂ ಹಗುರವಾಗಿ. ಜಾಸ್ತಿಯಾದರೆ ಅಜ್ಜಿಯ ಸುಕ್ಕುಗಳು ಗೀಚಿದಂತೆ ಕಾಣುತ್ತವೆ.

ಕ್ರಾಪ್ ಆದದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಫೈಲ್ ಮುಟ್ಟಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಪಿಕ್ಸೆಲ್ ಕುಗ್ಗಿಬಿಡುತ್ತವೆ.