ಜಲವರ್ಣ ಚಿತ್ರವನ್ನು ಮಗುವಿನ ಅಂಗಿಗೆ ಪ್ರಿಂಟ್ ಮಾಡಿಸುವ ಮುನ್ನ

ಹೆಗ್ಗೋಡಿನ ನೀನಾಸಂ ರಂಗಮಂದಿರದ ವಾಟರ್‌ಕಲರ್ ಚಿತ್ರ ಮಗುವಿನ ಅಂಗಿ ಮೇಲೆ ಎಷ್ಟು ಚೆಂದ ಅಲ್ವಾ! 1949ರಲ್ಲಿ ಶುರುವಾದ ಸಂಸ್ಥೆ ಅದು, ಆ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ಹೊಳೆಯುವುದಿಲ್ಲ.

ಮೊಬೈಲ್ ಫೋಟೊ ಬೇಡ, ಸ್ಕ್ಯಾನ್ ಮಾಡಿಸಿ. 4 ಇಂಚು ಅಗಲದ ಪ್ರಿಂಟಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ), ಅಂದರೆ ಅಗಲಕ್ಕೆ 1200 ಪಿಕ್ಸೆಲ್ ಸಾಕು. ಆದರೆ ಕಾಗದದ ಬಿಳಿ ಪೂರ್ತಿ ಬಿಳಿ ಅಲ್ಲ. ಹಾಗೇ ಕೊಟ್ಟರೆ ಚಿತ್ರದ ಸುತ್ತ ಮಾಸಲು ಚೌಕ ಬೀಳುತ್ತದೆ. ಹಿನ್ನೆಲೆ ತೆಗೆಸಿ. ತೆಗೆಯುವಾಗ ಪಕ್ಕದಲ್ಲೇ ಕೂತು ನೋಡಿ, ಆಕಾಶದ ತೆಳು ನೀಲಿ, ಅಂಚಿನಲ್ಲಿ ನೀರಿನ ಜೊತೆ ಹರಡಿದ ಬಣ್ಣ ಮೊದಲು ಅಳಿಸಿಹೋಗುವುದೇ ಅಲ್ಲಿ.

ಬಿಳಿ ಹತ್ತಿ ಬಟ್ಟೆಗೆ ಡಿಟಿಜಿ, ಅಂದರೆ ಬಟ್ಟೆ ಮೇಲೆ ನೇರವಾಗಿ ಶಾಯಿ ಸಿಂಪಡಿಸುವ ಪ್ರಿಂಟೇ ಸರಿ, ಶಾಯಿ ನೂಲಿಗೇ ಇಳಿಯುತ್ತದೆ. ಫಿಲ್ಮ್ ಮೇಲೆ ಮುದ್ರಿಸಿ ಬಿಸಿಯಿಂದ ಬಟ್ಟೆಗೆ ಅಂಟಿಸುವ ಡಿಟಿಎಫ್‌ನಲ್ಲಿ ಬಣ್ಣ ಗಾಢ, ಆದರೆ ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಕೂರುತ್ತದೆ. ಎಳೆ ಮೈಗೆ ಸುಮ್ನೆ ಸೆಕೆ. ಶಾಯಿಯನ್ನು ಬಿಸಿಯಿಂದ ಆವಿ ಮಾಡಿ ಬಟ್ಟೆಗೆ ಇಳಿಸುವ ಸಬ್ಲಿಮೇಶನ್ ಹತ್ತಿಗೆ ಹಿಡಿಯುವುದೇ ಇಲ್ಲ, ಅದಕ್ಕೆ ಪಾಲಿಯೆಸ್ಟರ್ ಬೇಕು.

ಅಂಗಿ ಕೊಳ್ಳುವಾಗ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಗುರುತು (ಹಾನಿಕರ ರಾಸಾಯನಿಕಗಳಿಗಾಗಿ ಬಟ್ಟೆಯನ್ನು ಪರೀಕ್ಷಿಸಿ ಕೊಡುವ ಗುರುತು) ಇದೆಯಾ ನೋಡಿ. ಅದರಲ್ಲಿ ಮೊದಲ ವರ್ಗ 3 ವರ್ಷದವರೆಗಿನ ಮಕ್ಕಳಿಗೆ. ಶಾಯಿಯ ಬಗ್ಗೆ ಅಂಗಡಿಯವರನ್ನು ಬೇರೆಯಾಗಿ ಕೇಳಿ.

ತೊಡಿಸುವ ಮುಂಚೆ ಒಮ್ಮೆ ಒಗೆಯಿರಿ. ಆಮೇಲೂ ಒಳಮಗ್ಗುಲು ತಿರುಗಿಸಿ, ತಣ್ಣೀರಲ್ಲೇ ಒಗೆಯಿರಿ.